ನಳಿಗೆ ಮಾಡಿದ ಕೈ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಡಂಚಿನ ಹೊಲಗಳಲ್ಲಿ ಕಡಲೆಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಇಳಿಯುತ್ತದೆ. ಒಂದೇ ರಾತ್ರಿಯಲ್ಲಿ ತಿಂಗಳುಗಳ ದುಡಿಮೆ ಮಣ್ಣಾಗುತ್ತದೆ. ಅಂಥ ಬೆಳಗಿನಲ್ಲಿ ಕೈಕೆಲಸ ಬಲ್ಲ ರೈತನೊಬ್ಬ ಕಬ್ಬಿಣದ ಕೊಳವೆ ಹಿಡಿದು ನಾಡಬಂದೂಕು ಮಾಡತೊಡಗಿದರೆ, ಆತನನ್ನು ಅಪರಾಧಿ ಎನ್ನಲು ನಿಮ್ಮ ಮನಸ್ಸು ಒಪ್ಪುತ್ತದೆಯೇ?

ಕಾನೂನು ಒಪ್ಪುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಪಡೆಯಲು ಅವಕಾಶವಿಟ್ಟಿದೆ. ಆದರೆ ಇಟ್ಟುಕೊಳ್ಳುವ ಪರವಾನಗಿ ಬೇರೆ, ತಯಾರಿಸುವ ಪರವಾನಗಿ ಬೇರೆ. ಪರವಾನಗಿಯಿಲ್ಲದೆ ತಯಾರಿಸಿದವನಿಗೆ ಕನಿಷ್ಠ 3 ವರ್ಷವಿದ್ದ ಸೆರೆವಾಸ 2019ರ ತಿದ್ದುಪಡಿಯಿಂದ ಕನಿಷ್ಠ 7 ವರ್ಷವಾಯಿತು, ಗರಿಷ್ಠ ಜೀವಾವಧಿ. ಕೊಲೆಗಡುಕರಿಗೆ ಮಾರಲು ಮಾಡಿದವನಿಗೂ, ಹವ್ಯಾಸಕ್ಕೆಂದು ಕೊಟ್ಟಿಗೆಯಲ್ಲಿ ಕುಳಿತು ಮಾಡಿದವನಿಗೂ ಆ ಕನಿಷ್ಠ ಒಂದೇ.

ನನಗೆ ಈ ಅಳತೆ ಒರಟೆನಿಸುತ್ತದೆ. ಆದರೂ ಅದರ ಹಿಂದಿನ ಭಯ ಸುಳ್ಳಲ್ಲ. ಕುಡುಗೋಲಿನಿಂದಲೂ ಕೊಲ್ಲಬಹುದು, ಆದರೆ ಕಮ್ಮಾರ ಅದನ್ನು ಬಡಿದದ್ದು ಪೈರು ಕೊಯ್ಯಲೆಂದು ಯಾರೂ ಹೇಳಬಲ್ಲರು. ಬಂದೂಕು ಹುಟ್ಟುವುದೇ ಜೀವ ತೆಗೆಯಲು. ಯಾವ ಜೀವ ಎಂಬುದು ಮಾಡಿದವನ ಮನಸ್ಸಿನಲ್ಲಷ್ಟೇ ಇರುತ್ತದೆ, ನಳಿಗೆಯಲ್ಲಿ ಅಲ್ಲ. (ಕಳಪೆ ಕೊಳವೆ ಸಿಡಿದರೆ ಮೊದಲು ಹೋಗುವುದು ಅವನದೇ ಕಣ್ಣು, ಅದು ಬೇರೆ ಮಾತು.) ಕತ್ತಲಲ್ಲಿ ಹಂದಿಗೆಂದು ಹಾರಿಸಿದ ಗುಂಡು, ತೋಟಕ್ಕೆ ನೀರು ಹಾಯಿಸಲು ಬಂದ ನೆರೆಯವನಿಗೆ ತಗುಲಿದರೆ, 'ನಾನು ಹಂದಿಯನ್ನಷ್ಟೇ ನೆನೆದಿದ್ದೆ' ಎಂಬುದು ಆ ಮನೆಯವರಿಗೆ ಉತ್ತರವಾದೀತೇ?

ಇರಲಿ. ರೈತನ ಕೈಯಿಂದ ಬಂದೂಕು ಕಿತ್ತುಕೊಂಡ ನಾವು, ಮರುರಾತ್ರಿ ಅವನ ಹೊಲ ಕಾಯಲು ಯಾರನ್ನು ಕಳುಹಿಸಿದೆವು?