ರಾಣಿಜೇನಿನ ಗಂಧ ಮತ್ತು ಮಧುತ್ಯಾಗದ ವಿಚಾರ

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯಮಾಂಸಗಳೊಡನೆ ಮಧುವಿನ ತ್ಯಾಗವೂ ಸೇರಿದೆ. ಹಿರಿಯರು ಇದಕ್ಕೆ ಹೇಳುತ್ತಿದ್ದ ಕಾರಣ ಸರಳವಾದುದು: ಗೂಡನ್ನು ಹಿಂಡುವಾಗ ಮೊಟ್ಟೆ ಮರಿಗಳೂ ಹಿಂಡಿಹೋಗುತ್ತವೆ. ಇಂದಿನ ತರುಣರು ಬೇರೊಂದು ಮಾತನ್ನು ಮುಂದಿಡುತ್ತಾರೆ. "ಈಗ ಪೆಟ್ಟಿಗೆಯಲ್ಲಿ ಜೇನು ಸಾಕುತ್ತಾರೆ. ಎರಿಯನ್ನು ಯಂತ್ರದಲ್ಲಿ ತಿರುಗಿಸಿ ತುಪ್ಪವನ್ನಷ್ಟೇ ತೆಗೆದು, ಎರಿಯನ್ನು ಮರಳಿ ಇಡುತ್ತಾರೆ. ಪೆಟ್ಟಿಗೆಯ ಬಾಗಿಲು ತೆರೆದೇ ಇರುತ್ತದೆ. ಇಷ್ಟವಿಲ್ಲದಿದ್ದರೆ ಹುಳುಗಳು ಹಾರಿಹೋಗಬಹುದಲ್ಲವೇ?" ನಮ್ಮ ಬಸದಿಯ ಟ್ರಸ್ಟಿನ ಸಭೆಯೊಂದರಲ್ಲಿ ಈ ಪ್ರಶ್ನೆ ಎದ್ದಾಗ ಕೂಡಲೇ ಉತ್ತರಿಸಲು ಯಾರಿಂದಲೂ ಆಗಲಿಲ್ಲ. ಶಾಸ್ತ್ರದಲ್ಲಿ ಬೇಡವೆಂದಿದೆ ಎಂದರೆ ಬಾಯಿ ಮುಚ್ಚಿಸಬಹುದು, ಮನಸ್ಸನ್ನು ಒಪ್ಪಿಸಲಾಗದು.

ತೆರೆದ ಬಾಗಿಲು ಸಮ್ಮತಿಯ ಗುರುತೇ? ಇದನ್ನು ನಿರ್ಣಯಿಸಬೇಕಾದರೆ ಹುಳುಗಳು ಗೂಡಿನಲ್ಲಿ ಏಕೆ ನಿಲ್ಲುತ್ತವೆ ಎಂಬುದನ್ನು ಮೊದಲು ತಿಳಿಯಬೇಕು.

ತತ್ತ್ವಾರ್ಥಸೂತ್ರವು ಇಂದ್ರಿಯಗಳ ಏರಿಕೆಯನ್ನು ಹೇಳುವಾಗ ಕೃಮಿ, ಇರುವೆಗಳ ನಂತರ ಭ್ರಮರವನ್ನು ಹೆಸರಿಸುತ್ತದೆ. ಭ್ರಮರವು ಸ್ಪರ್ಶ, ರಸನ, ಘ್ರಾಣ, ಚಕ್ಷುಗಳುಳ್ಳ ಚತುರಿಂದ್ರಿಯ ಜೀವ. ಗೂಡಿನ ಕತ್ತಲೆಯಲ್ಲಿ ಕಣ್ಣಿಗೆ ಕೆಲಸವಿಲ್ಲ. ಅಲ್ಲಿಯ ಬಾಳು ಬಹುಮಟ್ಟಿಗೆ ಘ್ರಾಣದ ಬಾಳು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಸಿ. ಜಿ. ಬಟ್ಲರ್ 1954ರಲ್ಲಿ, ರಾಣಿಯ ಮೈಯಿಂದ ಹೊರಟು ಗೂಡಿನಲ್ಲೆಲ್ಲ ಹರಡುವ 'ರಾಣಿದ್ರವ್ಯ'ವೊಂದಿದೆಯೆಂದು ತೋರಿಸಿದರು. ಅದರ ದವಡೆಯ ಗ್ರಂಥಿಯ ಸ್ರಾವದಲ್ಲಿ ಐದು ಘಟಕಗಳು ಕೂಡಿ ಕೆಲಸ ಮಾಡುತ್ತವೆಂಬುದು ಕೆನಡಾದ ವಿಜ್ಞಾನಿಗಳ ಶ್ರಮದಿಂದ 1988ರಲ್ಲಿ ತಿಳಿಯಿತು. ರಾಣಿಯ ಸುತ್ತ ಕೆಲವು ಕೆಲಸಗಾರ ಹುಳುಗಳು ಸದಾ ನೆರೆದಿರುತ್ತವೆ. ಅವು ಅದನ್ನು ನೆಕ್ಕಿ, ಮೀಸೆಗಳಿಂದ ಸವರಿ, ಬಳಿಕ ಎರಿಗಳ ಮೇಲೆ ಓಡಾಡುತ್ತ ಆ ಗಂಧವನ್ನು ಇತರ ಹುಳುಗಳಿಗೆ ಮುಟ್ಟಿಸುತ್ತವೆ. ಗಂಧವಿರುವವರೆಗೆ ಕೆಲಸಗಾರ ಹುಳುಗಳು ಹೊಸ ರಾಣಿಯನ್ನು ಬೆಳೆಸುವುದಿಲ್ಲ. ಅವುಗಳ ಅಂಡಾಶಯವೂ ಸಾಮಾನ್ಯವಾಗಿ ಬೆಳೆಯದು. ರಾಣಿಯನ್ನು ತೆಗೆದರೆ ಕೆಲವೇ ಗಂಟೆಗಳಲ್ಲಿ ಗೂಡಿನಲ್ಲಿ ಕಳವಳ ಹುಟ್ಟುತ್ತದೆ. ಒಂದೆರಡು ದಿನಗಳಲ್ಲಿ ಎಳೆಯ ಮರಿಗಳಿಂದ ಹೊಸ ರಾಣಿಯನ್ನು ಬೆಳೆಸುವ ಸಿದ್ಧತೆ ತೊಡಗುತ್ತದೆ.

ಇದು ಆಜ್ಞೆಯೋ, ಸುದ್ದಿಯೋ? ರಾಣಿ ಗಂಧದಿಂದ ಪ್ರಜೆಗಳನ್ನು ಕಟ್ಟಿಹಾಕುತ್ತದೆಂಬ ಮಾತು ಬಹುಕಾಲ ನಡೆಯಿತು. 1993ರಲ್ಲಿ ಕೆಲ್ಲರ್ ಮತ್ತು ನೋನಾಕ್ಸ್ ಎಂಬ ವಿದ್ವಾಂಸರು ಇದನ್ನು ಪ್ರಶ್ನಿಸಿದರು. ಗಂಧವು ಬಲಾತ್ಕಾರವಲ್ಲ, "ನಾನಿದ್ದೇನೆ, ಮೊಟ್ಟೆಯಿಡುತ್ತಿದ್ದೇನೆ" ಎಂಬ ನಿಜವಾದ ಸೂಚನೆ. ಅದರಂತೆ ನಡೆಯುವುದು ಕೆಲಸಗಾರ ಹುಳುಗಳಿಗೂ ಹಿತವೆಂಬುದು ಅವರ ವಾದ. ರಾಣಿ ಮುಪ್ಪಾಗಿ ಗಂಧ ಕುಂದಿದಾಗ ಅವೇ ಹುಳುಗಳು ಮತ್ತೊಂದನ್ನು ಬೆಳೆಸುವುದನ್ನು ನೋಡಿದರೆ ಈ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೂ ವಿಷಯ ಅಷ್ಟು ನಿರ್ಮಲವಾಗಿಲ್ಲ. 2007ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರು, ರಾಣಿಯ ಗಂಧದಲ್ಲಿರುವ ಎಳೆಯ ಹುಳುಗಳು ನೋವು ಕೊಡುವ ವಸ್ತುವನ್ನು ನೆನಪಿಟ್ಟು ದೂರವಿಡಲು ಕಲಿಯುವುದಿಲ್ಲವೆಂದು ಕಂಡರು. (ಹುಳುಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟು ಪಡೆದ ತಿಳಿವಳಿಕೆಯಿದು, ಬರೆಯುವಾಗ ನನ್ನ ಕೈ ಒಮ್ಮೆ ತಡೆಯಿತು.)

ಗಂಧ ಸುದ್ದಿಯೇ ಆಗಲಿ, ಮೋಹವೇ ಆಗಲಿ, ಹುಳುಗಳು ಪೆಟ್ಟಿಗೆಯಲ್ಲಿ ನಿಲ್ಲುವುದು ರಾಣಿಗಾಗಿ, ಮರಿಗಳಿಗಾಗಿ; ಸಾಕಿದವನ ಮೇಲಣ ವಿಶ್ವಾಸಕ್ಕಾಗಿ ಅಲ್ಲ. ಇದನ್ನರಿತ ಮನುಷ್ಯ ರಾಣಿಯೊಂದನ್ನು ಹಿಡಿದಿಟ್ಟರೆ ಸಾಕೆಂದು ಕಂಡುಕೊಂಡ. ಕೆಲವೆಡೆ ರಾಣಿಯ ರೆಕ್ಕೆಯ ತುದಿಯನ್ನು ಕತ್ತರಿಸುತ್ತಾರೆ. ಕೆಲಸಗಾರ ಹುಳುಗಳಷ್ಟೇ ನುಸುಳುವ ಕಿಂಡಿಗಳ ತಡೆಯನ್ನು ಬಾಗಿಲಿಗೆ ಹಾಕುವುದೂ ಉಂಟು. ಹಿಂಡು ಹಾರಿದರೂ ರಾಣಿ ಬಾರದುದರಿಂದ ಮರಳಿ ಬರುತ್ತದೆ. ತುಪ್ಪವನ್ನು ತೆಗೆದು ಸಕ್ಕರೆಯ ಪಾಕ ಇಡುವುದಂತೂ ಸಾಮಾನ್ಯ. ಎಲ್ಲರೂ ಇದೆಲ್ಲವನ್ನೂ ಮಾಡುತ್ತಾರೆಂದಲ್ಲ. ಆದರೆ ಅಹಿಂಸಾಣುವ್ರತದ ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಒಮ್ಮೆ ನೆನೆಯಿರಿ. ತಡೆ ಹಾಕುವುದು ಬಂಧ. ರೆಕ್ಕೆ ಕತ್ತರಿಸುವುದು ಛೇದ. ಕೂಡಿಟ್ಟ ಆಹಾರವನ್ನು ಕಸಿಯುವುದು ಕಡೆಯದರ ನೆರೆಮನೆ. ಒಂದು ಹುಳುವೂ ಸಾಯದಿದ್ದರೂ ಈ ಮೂರು ಉಳಿಯುತ್ತವೆ.

ಇನ್ನೊಂದು ಹೆಜ್ಜೆಯಿದೆ. ರಾಣಿಯ ಗಂಧವನ್ನು ಈಗ ಕೃತಕವಾಗಿ ತಯಾರಿಸಿ ಮಾರುತ್ತಾರೆ. ರಾಣಿಯಿಲ್ಲದ ಹುಳುಗಳ ನಡುವೆ ಅದನ್ನಿಟ್ಟರೆ ಅವು ರಾಣಿಯಿದೆಯೆಂದೇ ನಂಬಿ ಶಾಂತವಾಗುತ್ತವೆ. ಕಳ್ಳಮುದ್ರೆಯೊತ್ತಿದ ಪತ್ರವಲ್ಲದೆ ಇದು ಮತ್ತೇನು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ, ಅಚೌರ್ಯದಲ್ಲಿ ಪ್ರತಿರೂಪಕ ವ್ಯವಹಾರವೂ ಹೇಳಲ್ಪಟ್ಟಿವೆ. ಭ್ರಮರವು ಮನಸ್ಸಿಲ್ಲದ ಅಸಂಜ್ಞಿ ಜೀವ, ಅದಕ್ಕೆ ಮೋಸವೆಂಬುದು ಎಲ್ಲಿಂದ ಎಂದು ಕೇಳಬಹುದು. ಆಕ್ಷೇಪ ಸಣ್ಣದಲ್ಲ. ಆದರೆ ನಮ್ಮ ಶಾಸ್ತ್ರ ಹಿಂಸೆಯ ಮೂಲವನ್ನು ಪ್ರಮತ್ತಯೋಗದಲ್ಲಿ, ಎಂದರೆ ಮಾಡುವವನ ಎಚ್ಚರಗೇಡಿ ಪ್ರವೃತ್ತಿಯಲ್ಲಿ ಹುಡುಕುತ್ತದೆ. ಮೋಸಹೋದವರಿಗೆ ತಿಳಿಯದಿದ್ದರೂ ಮಾಯಾಕಷಾಯ ಕಟ್ಟಿಕೊಳ್ಳುವುದು ಮೋಸಗೊಳಿಸಿದವನ ಆತ್ಮಕ್ಕೆ. ಮನಸ್ಸಿಲ್ಲದ ಜೀವವು ಮೋಸವನ್ನು ಅರಿಯದೆಂದು ವಾದಿಸುವವರು ಅದು ಸಮ್ಮತಿ ಕೊಟ್ಟಿತೆಂದೂ ಹೇಳಲಾರರು. ತರುಣರ ತೆರೆದ ಬಾಗಿಲಿನ ವಾದ ಇಲ್ಲಿ ನಿಂತುಹೋಗುತ್ತದೆ.

ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ತಾನಾಗಿ ಸೋರಿದ ಜೇನನ್ನೂ, ಉಪಾಯದಿಂದ ಗೂಡಿನಿಂದ ತೆಗೆದ ಜೇನನ್ನೂ ಬಿಡದೆ ವಿಚಾರಿಸಿ, ಅದನ್ನಾಶ್ರಯಿಸಿದ ಜೀವಿಗಳ ಘಾತದಿಂದ ಅಲ್ಲಿಯೂ ಹಿಂಸೆಯಿದೆಯೆಂದರು. ಅವರು 'ಛಲ'ವೆಂಬ ಶಬ್ದವನ್ನೇ ಬಳಸಿದ್ದಾರೆ. ಪೆಟ್ಟಿಗೆಯನ್ನಾಗಲಿ ಯಂತ್ರವನ್ನಾಗಲಿ ಅವರು ಕಂಡವರಲ್ಲ. ಕೊಳ್ಳುವವರ ಪಾಲಿಗೆ ತದಾಹೃತಾದಾನವೆಂಬ ಅತಿಚಾರ, ಅಪಹರಿಸಿ ತಂದುದನ್ನು ಸ್ವೀಕರಿಸುವುದು, ಮೊದಲೇ ಹೇಳಲ್ಪಟ್ಟಿದೆ. ಔಷಧದ ಅನುಪಾನಕ್ಕೆ ಜೇನಿನ ಬದಲು ಬೆಲ್ಲವೋ ಸಕ್ಕರೆಯೋ ಆಗಬಹುದೇ ಎಂದು ವೈದ್ಯರನ್ನೇ ಕೇಳಬಹುದು.

ಅದೇ ಸಭೆಯಲ್ಲಿ ಮತ್ತೊಂದು ವಿಷಯವೂ ಬಂದಿತ್ತು: ಬಸದಿಯ ಶಿಖರಕ್ಕೆ ಕಟ್ಟಿದ ಹೆಜ್ಜೇನು. ಹೊಗೆ ಹಾಕಿಸೋಣವೆಂದು ಕೆಲವರೆಂದರು. ಹುಳುಗಳು ಒಂದನ್ನೊಂದು ಎಚ್ಚರಿಸುವುದೂ ಗಂಧದಿಂದಲೇ. ಹೊಗೆ ಆ ಎಚ್ಚರಿಕೆಯನ್ನು ಮುಚ್ಚಿ ಅವುಗಳನ್ನು ಕಂಗೆಡಿಸುತ್ತದೆ. ಹೆಜ್ಜೇನು ಋತು ಬದಲಾದಂತೆ ವಲಸೆ ಹೋಗುವ ಜಾತಿ, ಗೂಡನ್ನು ತಾನೇ ಬಿಟ್ಟುಹೋಗುತ್ತದೆ. ಆ ಭಾಗದ ಪ್ರದಕ್ಷಿಣಾಪಥಕ್ಕೆ ಹಗ್ಗ ಕಟ್ಟಿ, ಸಂಜೆಯ ದೀಪವನ್ನು ಇನ್ನೊಂದು ಬದಿಗೆ ಸರಿಸಿ, ಕಾಯುವುದೆಂದು ತೀರ್ಮಾನವಾಯಿತು.