ಓಟ ಮುಗಿದ ಮೇಲೆ

ಮುಂಜಾನೆ ಮಣಿಪಾಲದ ರಸ್ತೆಯಲ್ಲಿ ಜನ ಗುಂಪುಗುಂಪಾಗಿ ಓಡುವುದನ್ನು ನೀವು ಕಂಡಿರಬಹುದು. ಅಲ್ಲಿನ ಮಾಹೆ ವಿಶ್ವವಿದ್ಯಾನಿಲಯದ ಮ್ಯಾರಥಾನ್ ಈಗ ನಾಡಿಗೇ ಪರಿಚಿತ. ಓಟ, ನಡಿಗೆ, ಸೈಕಲ್ ಸವಾರಿಗಳನ್ನು ಏರ್ಪಡಿಸಿ, ಬಂದ ಹಣವನ್ನು ತೀವ್ರವಾಗಿ ಗಾಯಗೊಂಡವರ ಚಿಕಿತ್ಸೆಗೆ ಕೊಡುವ ಪದ್ಧತಿ ಜಗತ್ತಿನ ಹಲವೆಡೆ ಬೆಳೆದಿದೆ. ಆದರೆ ಕಷ್ಟದಲ್ಲಿರುವವನಿಗೆ ನೆರವಾಗಲು ಓಟವೇಕೆ? ಸುಮ್ಮನೆ ಕೊಡಬಾರದೇ? ಇದು ತೋರಿಕೆಯಲ್ಲವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕರ್ಮಗಳು ಉದ್ದೇಶವನ್ನು ಹೊಂದಿಕೊಂಡಿವೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರುವ ಪಾಠ.

ಆದರೂ ಎರಡು ಉದಾಹರಣೆಗಳನ್ನು ನೋಡಿ. ಕೆನಡಾದ ಯುವಕ ಟೆರಿ ಫಾಕ್ಸ್ ಮೂಳೆಯ ಕ್ಯಾನ್ಸರಿನಿಂದ ಒಂದು ಕಾಲನ್ನು ಕಳಕೊಂಡಿದ್ದ. 1980ರಲ್ಲಿ ಆತ ಕೃತಕ ಕಾಲಿನಲ್ಲೇ 143 ದಿನ, 5,373 ಕಿಲೋಮೀಟರ್ ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ. ಮರುವರ್ಷ ಮರಣ ಹೊಂದಿದ. ಎರಡನೆಯದು ನಮ್ಮ ಕಾಪು ತಾಲೂಕಿನದೇ. ಕೂಲಿ ಕೆಲಸಗಾರ ರವಿ ಕಟಪಾಡಿ ವರ್ಷ ವರ್ಷವೂ ಉಡುಪಿಯ ಅಷ್ಟಮಿಯ ದಿನಗಳಲ್ಲಿ ಭಾರವಾದ ವೇಷ ತೊಟ್ಟು, ಬೀದಿ ಬೀದಿ ಸುತ್ತಿ, ಸಂಗ್ರಹವಾದ ಹಣವನ್ನು ಬಡ ಮಕ್ಕಳ ಚಿಕಿತ್ಸೆಗೆ ಕೊಟ್ಟವರು. ಆ ಹಬ್ಬ ನಮ್ಮದಲ್ಲ. ಆದರೆ ನೆರೆಯವನ ಒಳಿತನ್ನು ಒಳಿತೆಂದು ಒಪ್ಪಿಕೊಳ್ಳುವುದು ನ್ಯಾಯ. ಕೊಡಲು ಹಣವಿಲ್ಲದವನು ಕೊಡುವುದು ತನ್ನ ದೇಹದ ಶ್ರಮವನ್ನು. ಮನುಷ್ಯನ ಒಂದೊಂದು ಕೀಲಿಗೂ ಪ್ರತಿದಿನ ಸದಕಾ ಇದೆ, ಒಬ್ಬನನ್ನು ಅವನ ಸವಾರಿಗೆ ಹತ್ತಿಸುವುದೂ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್).

ಹಾಗಾದರೆ ತೋರಿಕೆಯ ಮಾತೇನು? ಬಹಿರಂಗ ದಾನವೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ತಲುಪಿಸುವುದು ಇನ್ನೂ ಉತ್ತಮ ಎಂದು ಕುರ್‌ಆನ್ ತಿಳಿಸುತ್ತದೆ (2:271). ಇಲ್ಲಿ ಗುಟ್ಟು ಎರಡು ಬಗೆಯದು. ಒಂದು ಕೊಡುವವನದು, ಇನ್ನೊಂದು ಪಡೆಯುವವನದು. ಇತರರಿಗೆ ಪ್ರೇರಣೆಯಾಗಲೆಂದು ಕೊಡುವವನು ತನ್ನ ಗುಟ್ಟನ್ನು ಬಿಟ್ಟುಕೊಡಬಹುದು. ಪಡೆಯುವವನ ಗುಟ್ಟನ್ನು ಬಿಟ್ಟುಕೊಡಲು ಅವನಿಗೇನು ಅಧಿಕಾರ? ಹಾಸಿಗೆ ಹಿಡಿದವನ ಬೆತ್ತಲೆ ಗಾಯದ ಚಿತ್ರ ಊರಿನ ಮೊಬೈಲ್‌ಗಳಲ್ಲೆಲ್ಲ ಹರಿದಾಡಿದರೆ, ಹಣ ಬಂದರೂ ಅವನ ಮಾನ ಹೋಯಿತು. ಹಂಗಿಸಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿ ಎಂಬ ಎಚ್ಚರಿಕೆಯನ್ನು (2:264) ಇಲ್ಲಿ ನೆನೆಯಬೇಕು.

ಆದರೆ ನಿಜವಾದ ಪರೀಕ್ಷೆ ಇರುವುದು ಓಟ ಮುಗಿದ ಮೇಲೆ. ನಮ್ಮ ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದು, ಕಟ್ಟಡದಿಂದ ಜಾರಿ, ಹೆದ್ದಾರಿಯಲ್ಲಿ ಬೈಕಿನಿಂದ ಉರುಳಿ ಬೆನ್ನುಹುರಿಗೆ ಏಟು ಮಾಡಿಕೊಂಡವರಿದ್ದಾರೆ. ಸ್ಪರ್ಶಜ್ಞಾನ ಹೋದ ಮೈಯನ್ನು ಹಗಲಿರುಳೆನ್ನದೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಒತ್ತಿದ ಜಾಗ ಹುಣ್ಣಾಗಿ ಮೂಳೆಯವರೆಗೂ ಕೊಳೆಯುತ್ತದೆ. ಮೂತ್ರದ ನಳಿಕೆಯಿಂದ ಸೋಂಕು ತಗಲದಂತೆ ಕಾಯಬೇಕು. ಇದು ಒಂದು ದಿನದ ಕೆಲಸವಲ್ಲ, ಆಯುಷ್ಯದ ಕೆಲಸ. ಆ ಮನೆಯ ತಾಯಿ ಅಥವಾ ಮಡದಿ ನಿತ್ಯ ಓಡುವ ಓಟಕ್ಕೆ ಪದಕವಿಲ್ಲ. ಚೆಕ್ ಕೊಟ್ಟು, ಫೋಟೋ ತೆಗೆದು ಬಂದವರು ಆರು ತಿಂಗಳ ಬಳಿಕ ಆ ಬಾಗಿಲು ತಟ್ಟುತ್ತಾರೆಯೇ? ಒಂದು ರಾತ್ರಿ ಆ ತಾಯಿ ನಿದ್ರಿಸಲೆಂದು ನಮ್ಮ ಯುವಕರು ಎಚ್ಚರವಿರುತ್ತಾರೆಯೇ?

ಇನ್ನೊಂದು ಮಾತು. ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ)ರನ್ನು ಪ್ರವಾದಿ(ಸ) ಕೇವಲ ಕರುಣೆಯ ಪಾತ್ರವಾಗಿ ಕಾಣಲಿಲ್ಲ. ಅವರನ್ನು ಅದಾನ್ ಕರೆ ನೀಡುವವರನ್ನಾಗಿ ಮಾಡಿದರು, ಮದೀನಾದ ಹೊಣೆಯನ್ನೂ ವಹಿಸಿದರು. ನಾವೋ, ಗಾಲಿಕುರ್ಚಿಗೆಂದು ಹಣ ಕೂಡಿಸುತ್ತೇವೆ. ಆ ಗಾಲಿಕುರ್ಚಿ ನಮ್ಮ ಮಸೀದಿಯ ಮೆಟ್ಟಿಲ ಬಳಿಯೇ ನಿಂತುಬಿಡುತ್ತದೆ.

ಪ್ರಿಯ ಓದುಗರೇ, ಉಡುಪಿಯಲ್ಲೋ ಕಾರ್ಕಳದಲ್ಲೋ ಇಂತಹ ಓಟ ನಡೆದರೆ ಓಡಿರಿ, ಮಕ್ಕಳನ್ನೂ ಓಡಿಸಿರಿ. ಆರೋಗ್ಯವಂತ ಕಾಲುಗಳಿಗೆ ಅದೊಂದು ಕೃತಜ್ಞತೆ. ಆದರೆ ಮನೆಗೆ ಮರಳುವಾಗ ಒಂದು ಪ್ರಶ್ನೆಯನ್ನು ಜೊತೆಗೆ ಒಯ್ಯಿರಿ: ಯಾರಿಗಾಗಿ ಓಡಿದೆನೋ, ಅವರ ಮನೆಯ ದಾರಿ ನನಗೆ ಗೊತ್ತಿದೆಯೇ?