ಮುಚ್ಚಿದ ಹಲಗೆಯ ಕೆಳಗೆ

ಹಳೆಯ ಕಾಲದ ಹಾಯಿಹಡಗುಗಳನ್ನು ಮರದಲ್ಲಿ ಚಿಕ್ಕದಾಗಿ ಕಟ್ಟುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಅವರ ಶಿಸ್ತು ದೊಡ್ಡದು. ಮೂಲ ನಕ್ಷೆ ಹುಡುಕಿ, ಅದನ್ನು 48ರಲ್ಲಿ ಒಂದು ಪಾಲಿಗೆ ಇಳಿಸಿ, ನಿಜವಾದ ಹಡಗಿನಲ್ಲಿ ಎಷ್ಟು ಪಕ್ಕೆಲುಬುಗಳಿದ್ದವೋ ಅಷ್ಟನ್ನೇ ಕೊರೆದು ನಿಲ್ಲಿಸುತ್ತಾರೆ. ಯಾವ ಹಗ್ಗ ಯಾವ ಗೂಟಕ್ಕೆ ಬಿಗಿದಿತ್ತು ಎಂದು ತಿಳಿಯಲು ಹಳೆಯ ಪುಸ್ತಕಗಳನ್ನು ತಿರುವುತ್ತಾರೆ. ಒಂದೊಂದು ಮಾದರಿಗೆ ವರ್ಷಗಳೇ ಹಿಡಿಯುವುದುಂಟು. ಯಾರೂ ನೋಡದ ಕಡೆಯಲ್ಲೂ ಅಳತೆ ತಪ್ಪಬಾರದೆಂಬುದು ಅವರ ಹಟ. ಬಿಎಸ್ಸಿ ಪ್ರಯೋಗಾಲಯದಲ್ಲಿ ಬೇಕಾದ ಉತ್ತರ ಬರುವಂತೆ ಅಂಕಿ ಬರೆಯುವುದನ್ನು ಕಂಡ ನನಗೆ ಈ ಹಟ ಹಿಡಿಸುತ್ತದೆ.

ಆದರೆ ಅಳತೆಯೆಲ್ಲ ಸರಿಯಾದ ಮಾತ್ರಕ್ಕೆ ಸತ್ಯ ಹೇಳಿದಂತಾಯಿತೇ?

ಬ್ರೂಕ್ಸ್ ಎಂಬ ಹಡಗನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನದು. ಹೊರಗಿನಿಂದ ನೋಡಿದರೆ ಅಂದಿನ ಎಲ್ಲ ವ್ಯಾಪಾರದ ಹಡಗುಗಳಂತೆ ಮೂರು ಕಂಬ, ಬಿಳಿ ಹಾಯಿ. ಅದು ಸಾಗಿಸುತ್ತಿದ್ದುದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು. 1788ರಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರು ಅದನ್ನು ಅಳೆದರು. ಅದೇ ವರ್ಷದ ಹೊಸ ಕಾನೂನಿನಂತೆ ಅದು 454 ಜನರನ್ನು ಸಾಗಿಸಬಹುದಿತ್ತು. ಹಿಂದಿನ ಒಂದು ಪಯಣದಲ್ಲಿ 600ಕ್ಕೂ ಹೆಚ್ಚು ಜನರನ್ನು ತುಂಬಿದ್ದರಂತೆ! ಗುಲಾಮ ವ್ಯಾಪಾರದ ವಿರೋಧಿಗಳು ಆ ಅಳತೆಗಳನ್ನಿಟ್ಟುಕೊಂಡೇ ಒಂದು ಚಿತ್ರ ಅಚ್ಚು ಹಾಕಿಸಿದರು. ಒಬ್ಬ ಗಂಡಸಿಗೆ ಆರು ಅಡಿ ಉದ್ದ, ಒಂದು ಅಡಿ ನಾಲ್ಕು ಇಂಚು ಅಗಲ. ಎದ್ದು ನೆಟ್ಟಗೆ ಕೂರುವಷ್ಟೂ ಎತ್ತರವಿಲ್ಲದ ಅಟ್ಟ.

ಥಾಮಸ್ ಕ್ಲಾರ್ಕ್‌ಸನ್ 1789ರಲ್ಲಿ ಆ ಚಿತ್ರವನ್ನು ಪ್ಯಾರಿಸ್ಸಿಗೆ ಒಯ್ದರು. ನೋಡಿದ ಏಕ್ಸ್ ಪಟ್ಟಣದ ಮಹಾಧರ್ಮಾಧ್ಯಕ್ಷರಿಗೆ ಗಾಬರಿಯಿಂದ ಮಾತೇ ಹೊರಡಲಿಲ್ಲವೆಂದು ಕ್ಲಾರ್ಕ್‌ಸನ್ ಬರೆದಿದ್ದಾರೆ. ರಾಜಕಾರಣಿ ಮಿರಾಬೊ ಒಬ್ಬ ಕುಶಲಕರ್ಮಿಯನ್ನು ಕರೆಸಿ ಸುಮಾರು ಒಂದು ಗಜ ಉದ್ದದ ಮರದ ಮಾದರಿ ಮಾಡಿಸಿದರು. ಒಳಗೆ ಕಪ್ಪು ಬಣ್ಣ ಬಳಿದ ಪುಟ್ಟ ಪುಟ್ಟ ಮರದ ಮನುಷ್ಯರು, ಸಾಲುಸಾಲಾಗಿ. ಇಂಗ್ಲೆಂಡಿನಲ್ಲಿ ವಿಲ್ಬರ್‌ಫೋರ್ಸ್ ಕೂಡ ಇಂಥದೊಂದು ಮಾದರಿಯನ್ನು ಸಂಸತ್ತಿನವರಿಗೆ ತೋರಿಸಿದರು. ಅದು ಈಗಲೂ ಹಲ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 1807ರಲ್ಲಿ ಬ್ರಿಟನ್ ಆ ವ್ಯಾಪಾರ ನಿಷೇಧಿಸಿತು.

ಈಗ ಒಬ್ಬ ಹವ್ಯಾಸಿ ಬ್ರೂಕ್ಸ್ ಕಟ್ಟುತ್ತಾನೆಂದುಕೊಳ್ಳಿ. ಕಂಬ ಸರಿ, ಹಗ್ಗ ಸರಿ, ಒಂದು ಮೊಳೆಯೂ ತಪ್ಪಿಲ್ಲ, ಒಳಗೆ ಮಾತ್ರ ಖಾಲಿ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನೋಡಿದವರು 'ಎಷ್ಟು ಚೆಂದ' ಎನ್ನುತ್ತಾರೆ. ಅವನು ಒಂದೂ ಸುಳ್ಳು ಹೇಳಿಲ್ಲ. ಆದರೂ ಎಂಟನೆಯ ಆಜ್ಞೆ ಅವನನ್ನು ಸುಮ್ಮನೆ ಬಿಡುತ್ತದೆಂದು ನನಗನಿಸುವುದಿಲ್ಲ. ಆ ಹಡಗು ಕಟ್ಟಿದ್ದೇ ಯಾವುದಕ್ಕೋ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಅದು ಅರ್ಧ ಸಾಕ್ಷಿ.

ಪಾಪ ಇಂಗ್ಲಿಷರದು ಮಾತ್ರ ಎಂದುಕೊಳ್ಳಬೇಡಿ. 1794ರ ಡಿಸೆಂಬರಿನಲ್ಲಿ ಮೊಜಾಂಬಿಕಿನಿಂದ ಬ್ರೆಜಿಲ್ಲಿಗೆ ಸುಮಾರು 500 ಗುಲಾಮರನ್ನು ಒಯ್ಯುತ್ತಿದ್ದ ಪೋರ್ಚುಗೀಸ್ ಹಡಗೊಂದು ಕೇಪ್‌ಟೌನಿನ ಬಳಿ ಒಡೆಯಿತು. 200ಕ್ಕೂ ಹೆಚ್ಚು ಜನ ಮುಳುಗಿದರು. ಬದುಕಿ ದಡ ಸೇರಿದವರನ್ನು ಅಲ್ಲೇ ಮತ್ತೆ ಮಾರಿದರು. ಹಡಗಿನ ಹೆಸರು ಸಾವೊ ಜೋಸೆ, ಅಂದರೆ ಸಂತ ಜೋಸೆಫ. ಬಡಗಿಯಾಗಿ ದುಡಿದು ದೇವಕುಮಾರನನ್ನು ಸಾಕಿದ ನಮ್ಮ ಸಂತರ ಹೆಸರು! ಸಮುದ್ರದಡಿಯಲ್ಲಿ ಅದರ ಗುರುತು ಹಿಡಿಯಲು ನೆರವಾದದ್ದು ತಳದ ಕಬ್ಬಿಣದ ಗಟ್ಟಿಗಳು. ಬೇರೆ ಸರಕಿನಷ್ಟು ಮನುಷ್ಯರು ಭಾರವಿಲ್ಲ. ಹಡಗು ಮಗುಚದಿರಲು ಆ ಕಬ್ಬಿಣ ಬೇಕಿತ್ತು.

ಇಂಥದನ್ನೆಲ್ಲ ಯುವಜನರಿಗೆ ಹೇಳಿದರೆ ವಿಶ್ವಾಸ ಕೆಡುವುದಿಲ್ಲವೇ ಎಂದು ಕೆಲವು ಹಿರಿಯರು ಕೇಳಬಹುದು. ಪಾಪನಿವೇದನೆಗೆ ಮೊಣಕಾಲೂರುವ ನಾವು ಅಲ್ಲಿ ಹಗ್ಗ ಕಂಬಗಳ ವರ್ಣನೆ ಮಾಡುವುದಿಲ್ಲವಲ್ಲ. ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ಸೆನೆಗಲ್ಲಿನ ಗೋರೆ ದ್ವೀಪಕ್ಕೆ, ಗುಲಾಮರನ್ನು ಕೂಡಿಹಾಕುತ್ತಿದ್ದ ಮನೆಗೇ ಹೋಗಿ, ಈ ಪಾಪದಲ್ಲಿ ಕ್ರೈಸ್ತರ ಪಾಲನ್ನು ಹೆಸರಿಸಿ ಕ್ಷಮೆ ಬೇಡಿದರು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಬೊಂಬೆಗಳನ್ನು ಜೋಡಿಸಿ ತೋರಿಸುವುದೂ ಒಂದು ಅವಮಾನವಲ್ಲವೇ? ಮಿರಾಬೊ ಕಾಲಕ್ಕೆ ಅದು ಬೇಕಿತ್ತು. ಆಗ ಹಡಗುಗಳು ಇನ್ನೂ ಓಡುತ್ತಿದ್ದವು. ಇಂದು ಪಡಸಾಲೆಯ ಕಪಾಟಿನಲ್ಲಿ? ಲೆಕ್ಕ ಹಾಕಿ ನೋಡಿದೆ: 48ರಲ್ಲಿ ಒಂದು ಪಾಲಿಗೆ ಒಬ್ಬನ ಜಾಗ 38 ಮಿಲಿಮೀಟರ್ ಉದ್ದ, ಎಂಟೂವರೆ ಮಿಲಿಮೀಟರ್ ಅಗಲ. ಬೆಂಕಿಕಡ್ಡಿಯಷ್ಟು ಉದ್ದವೂ ಇಲ್ಲ. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ, ತಾಯಿ ಹೆಸರಿಟ್ಟು ಕರೆದ ಒಬ್ಬೊಬ್ಬನನ್ನೂ ಮುಖವಿಲ್ಲದ ಕಡ್ಡಿಯಾಗಿ ಸಾಲಿನಲ್ಲಿಡಲು ನನಗೆ ಕೈ ಬಾರದು. ವ್ಯಾಪಾರಿಯೂ ಅವರನ್ನು ಹಾಗೆಯೇ ಎಣಿಸಿದ್ದ.

ಒಳಗಿನ ಪಕ್ಕೆಲುಬು ಕಾಣಲೆಂದು ಒಂದು ಬದಿಯ ಕೆಲವು ಹಲಗೆಗಳನ್ನು ಜೋಡಿಸದೆ ಬಿಡುವ ಪದ್ಧತಿ ಮಾದರಿ ಕಟ್ಟುವವರಲ್ಲಿ ಮೊದಲಿನಿಂದಲೂ ಇದೆ. ಬ್ರೂಕ್ಸ್ ಕಟ್ಟುವವರು ಅದನ್ನೇ ಮಾಡಲಿ. ಆ ತಗ್ಗು ಅಟ್ಟವನ್ನು ಅಳತೆ ತಪ್ಪದೆ ಕಟ್ಟಿ, ಬರಿದಾಗಿ ಬಿಟ್ಟು, ಪಕ್ಕದ ಫಲಕದಲ್ಲಿ 454 ಎಂದು ಬರೆಯಲಿ. ಮನೆಗೆ ಬಂದ ಮಗುವೊಂದು ಅದೇನೆಂದು ಕೇಳಿದರೆ ಕೂರಿಸಿಕೊಂಡು ಹೇಳಲಿ.